ಕಂಡದ್ದು ಮಾತ್ರ

ನೆಬ್ರಾಸ್ಕಾದ ಲಿಂಕನ್ನಿನಲ್ಲಿ, ಫೆಬ್ರವರಿಯ ಒಂದು ಮಂಗಳವಾರ,
ಹತ್ತು ಗಂಟೆ ಹದಿನಾಲ್ಕು ನಿಮಿಷ.
ಗಾಜಿನ ಆಚೆ ಶಿಶುವಿಹಾರ. ಈಚೆ ಕತ್ತಲೆ,
ಮಡಚು ಕುರ್ಚಿಯಲ್ಲಿ ನಾನು, ತೊಡೆಯ ಮೇಲೆ ಪ್ಯಾಡು.
ಅವರಿಗದು ಕನ್ನಡಿ, ನನಗೆ ಕಿಟಕಿ.

ಕೋಲ್ಟನ್, ಮೂರು ವರ್ಷ ಏಳು ತಿಂಗಳು,
ಹಿಮದ ಬೂಟು ಹಾಕಿಕೊಳ್ಳುತ್ತಿದ್ದಾನೆ. ಎಡದ್ದು ಬಲಕ್ಕೆ.
ಎಳೆದ. ಏರಲಿಲ್ಲ. ಕೂತ. ಬಾಗಿಲ ಕಡೆ ನೋಡಿದ.
ಅವನ ತಾಯಿ ಹೋಗಿ ಒಂಬತ್ತು ನಿಮಿಷ.
‘ಬೇಸರದಲ್ಲಿದ್ದಾನೆ’ ಎಂದು ಬರೆದೆ.

ಪ್ರೊಫೆಸರ್ ಹಾಲ್ವರ್ಸನ್ ಅದನ್ನು ಹೊಡೆದುಹಾಕಿದರು,
ಹಸಿರು ಶಾಯಿಯಲ್ಲಿ; ಕೆಂಪಾದರೆ ಮನಸ್ಸು ನೋಯುತ್ತದಂತೆ.
‘ಬೇಸರ ನಿನಗೆ ಕಂಡಿತೆ? ಎಲ್ಲಿ? ಹುಬ್ಬಿನಲ್ಲೆ, ಕೈಯಲ್ಲೆ?
ಕಂಡದ್ದು ಬರೆ. ಕೇಳಿದ್ದು ಬರೆ.
ಉಳಿದದ್ದು ನಿನ್ನದು, ಮಗುವಿನದಲ್ಲ.’

ನಮ್ಮ ಓಣಿಯಲ್ಲಿ ಮಗು ಅತ್ತರೆ
ಹಸಿವು, ದೃಷ್ಟಿ, ಹೊಟ್ಟೆನೋವು, ಇಲ್ಲಾ ಅಪ್ಪನ ಹಟ,
ನಾಲ್ಕು ಹೆಂಗಸರು ನಾಲ್ಕು ಹೇಳುತ್ತಿದ್ದರು,
ಐದನೆಯವಳು ಎತ್ತಿಕೊಳ್ಳುತ್ತಿದ್ದಳು.
ಸುಮ್ಮನೆ ನೋಡುತ್ತ ಕೂತವರು ಯಾರೂ ಇರಲಿಲ್ಲ.

‘ಏನ ಓದಾಕತ್ತಿ ಅಲ್ಲಿ?’ ಗುಳೇದಗುಡ್ಡದಿಂದ ಅವ್ವ.
‘ಮನಷ್ಯಾ ಹೆಂಗ ಬೆಳೀತಾನ, ಮನಿ ಹೆಂಗ ನಡೀತೈತಿ.’
‘ಅದನ್ನ ಕಲಿಯಾಕ ಅಷ್ಟ ದೂರ ಹೋಗಬೇಕಿತ್ತೇನ?’
ನಕ್ಕಳು. ನಗು, ಸುಮಾರು ಮೂರು ಸೆಕೆಂಡು.

ಎರಡನೆಯ ಸೆಮಿಸ್ಟರಿನಲ್ಲಿ ಮನೆತನದ ನಕ್ಷೆ.
ಗಂಡಿಗೆ ಚೌಕ, ಹೆಣ್ಣಿಗೆ ದುಂಡು, ಮದುವೆಗೆ ಅಡ್ಡಗೆರೆ,
ಮುರಿದ ಮದುವೆಗೆ ಎರಡು ಓರೆಕಡ್ಡಿ, ಸತ್ತವರಿಗೆ ಕಾಟು.
ಪಕ್ಕದ ಬ್ರಿಯಾನಳಿಗೆ ಮೂವರು ಮಲತಂದೆಯರು;
ಹೆಮ್ಮೆಯೂ ಇಲ್ಲ, ನಾಚಿಕೆಯೂ ಇಲ್ಲ,
ಜಾಗ ಸಾಲದೆ ಹಾಳೆಗೆ ಹಾಳೆ ಅಂಟಿಸಿದ್ದಳು.

ನನ್ನದು ಮಾತ್ರ ಕೆಳಗಿಳಿಯಲೊಲ್ಲದು.
ಅವ್ವನ ಅವ್ವನಿಗೆ ಒಂದು ದುಂಡು ಬರೆದೆ.
ಅಪ್ಪನ ಅಕ್ಕನಿಗೆ ಇನ್ನೊಂದು.
ಇಬ್ಬರೂ ಒಬ್ಬಳೇ.
ಅಳಿಸಿದೆ. ಅವ್ವ ಒಂದು ತಲೆಮಾರು ಮೇಲೆ ಹತ್ತಿ
ತನ್ನ ಸೋದರಮಾವನ ಪಕ್ಕಕ್ಕೆ ಸರಿದಳು,
ನಡುವೆ, ಗೆರೆಯ ಕೆಳಗೆ ಇನ್ನೊಂದು ಗೆರೆ.

‘ಇದು ಕೈತಪ್ಪಿ ಬಿದ್ದದ್ದೆ?’
ಹಾಲ್ವರ್ಸನ್‌ರ ಪೆನ್ನಿನ ತುದಿ ಜೋಡುಗೆರೆಯ ಮೇಲೆ.
‘ಇಲ್ಲ. ನಮ್ಮಲ್ಲಿ ಹೀಗೂ ಇದೆ.’
ಅವರು ಹಸಿರು ಶಾಯಿಯಲ್ಲಿ ಏನೂ ಬರೆಯಲಿಲ್ಲ.
ಏನಾದರೂ ಬರೆಯಬೇಕಿತ್ತು ಅನ್ನಿಸಿತು ನನಗೆ,
ಓ ಸ್ಟ್ರೀಟಿನ ಬಸ್ಸಿಳಿಯುವವರೆಗೂ.

ಆಮೇಲೆ ಸಂದರ್ಶನ. ಹಿರಿಯರೊಬ್ಬರು, ಹನ್ನೆರಡು ಪ್ರಶ್ನೆ.
ಅವ್ವ ಕಂಡಿಕೆ ಸುತ್ತುತ್ತಿದ್ದಳು, ರಾಟಿಯ ಸದ್ದು ಫೋನಿನ ತುಂಬ.
ಏಳನೆಯದು: ‘ಲಗ್ನಕ್ಕ ಮೊದಲ ಅವರ ಪರಿಚಯ ಇತ್ತೇನ?’
‘ಹುಚ್ಚಿ! ಹೆಗಲ ಮ್ಯಾಲ ಕುಂದರಿಸಿಕೊಂಡು ಸಾಲಿಗೆ ಬಿಡತಿದ್ದ.
ಮಾಮಾ ಅಂತಿದ್ನಿ. ಒಂದಿನ ಎಲ್ಲಾರೂ ಅಂದ್ರು,
ಇನ್ನ ಹಂಗ ಕರೀಬ್ಯಾಡ ಅಂತ.’
‘ಮತ್ತ ಏನಂತ ಕರದಿ?’

ಇದು ಹನ್ನೆರಡರಲ್ಲಿ ಇರಲಿಲ್ಲ.

ರಾಟಿ ನಿಂತಿತು.
ಆರು ಸೆಕೆಂಡು.
ಓಣಿಯಲ್ಲೆಲ್ಲೋ ಮಗ್ಗ, ಲಟಕ್ ಪಟಕ್.
ಲೋಟ ನೆಲಕ್ಕಿಟ್ಟ ಸದ್ದು.
‘ಏನಂತನೂ ಕರೀಲಿಲ್ಲವಾ,’ ಅಂದಳು,
‘ಹತ್ತರ ಹೋಗಿ ನಿಂದರತಿದ್ನಿ.’
ರಾಟಿ ಮತ್ತೆ ತಿರುಗಿತು.

ಪೆನ್ನು ಒಂದು ಶಬ್ದದವರೆಗೆ ಹೋಗಿ
ಹಿಂದೆ ಬಂತು. ನಲವತ್ತು ವರ್ಷದ ಸಂಸಾರ,
ಕರೆಯದೆಯೇ ಅಪ್ಪ ತಿರುಗಿ ನೋಡುತ್ತಿದ್ದ,
ಅದನ್ನಂತೂ ನಾನು ಕಂಡಿದ್ದೇನೆ;
ಬರೆದೆ.

ಇವತ್ತು ಮತ್ತೆ ಮಂಗಳವಾರ. ಹತ್ತು ಮೂವತ್ತೊಂದು.
ಕೋಲ್ಟನ್ ಕನ್ನಡಿಯ ತನಕ ಬಂದ, ಮೂಗು ಒತ್ತಿದ.
ಅವನ ಉಸಿರಿಗೆ ಗಾಜು ಮಸುಕಾಗಿ
ನನ್ನ ಕಡೆಯಿಂದ ಅವನ ಬಾಯಿ ಕಾಣಲಿಲ್ಲ.
ಬೂಟು ಇನ್ನೂ ಅದಲುಬದಲು.
ಯಾರೋ ಹೊರಗೆ ಕರೆದರು.
ಓಡಿದ.